ಹಿತ್ತಿಲಿಗೆ ಕೇಳಿಸದ ಸೀನು

ಅಮ್ಮಾ,

ಹೋದ ವಾರ ಹಾಸನದಲ್ಲಿ ಒಂದು ಸಿನಿಮಾ ನೋಡಿದೆ. ಮಚ್ಚು, ರಕ್ತ, ಮತ್ತೆ ಮಚ್ಚು. ಹೀರೋ ಬಾಯಿ ತೆರೆದರೆ ಅರಚಾಟ, ಮುಚ್ಚಿದರೆ ತಮಟೆ. ಅದಕ್ಕೂ ಮುಂಚೆ ನೋಡಿದ್ದು ಪ್ರೇಮದ ಕತೆಯಂತೆ. ಹುಡುಗ ಹುಡುಗಿ ಯಾವುದೋ ದೇಶದ ಹಿಮದಲ್ಲಿ ಹೊರಳಾಡಿ, ವಾಪಸ್ ಬಂದು ಅಳುತ್ತಾರೆ. ಯಾಕೆ ಅಂತ ಕೊನೆವರೆಗೂ ಗೊತ್ತಾಗುವುದಿಲ್ಲ. ನೀನಿದ್ದಿದ್ದರೆ "ಪಾತ್ರೆ ಅಟ್ಟ ಕುಸಿದು ಬಿದ್ದ ಹಾಗಿದೆ ಕಣೇ" ಅಂದು ಎದ್ದು ಒಳಗೆ ಹೋಗಿಬಿಡುತ್ತಿದ್ದೆ. ಬರೀ ಕಿವಿಯಲ್ಲೇ ಸಿನಿಮಾ ಅಳೆಯುವವರು ಈಗ ಯಾರಿದ್ದಾರೆ ಹೇಳು?

ಹೊಳೆನರಸೀಪುರದ ನಮ್ಮ ಹಿತ್ತಿಲು ನೆನಪಾಗುತ್ತದೆ. ಗೋಡೆಯಾಚೆಗೇ ಥಿಯೇಟರು. ಸಂಜೆ ಷೋ ಶುರುವಾಗುತ್ತಿದ್ದಂತೆ ನೀನು ಒಗೆಯುವ ಕಲ್ಲಿನ ಮೇಲೆ ಕೂತು ದೇವಸ್ಥಾನಕ್ಕೆ ಹೂವು ಕಟ್ಟುತ್ತಿದ್ದೆ. ಅರ್ಚಕರ ಮನೆ ಹೆಂಗಸರು ಸಿನಿಮಾಕ್ಕೆ ಹೋಗಕೂಡದು ಅಂತ ಅಪ್ಪನ ಕಟ್ಟಪ್ಪಣೆ. ಕಿವಿಗೆ ಬೀಗ ಹಾಕುವ ಉಪಾಯ ಮಾತ್ರ ಪಾಪ ಅವರಿಗೆ ಹೊಳೆಯಲಿಲ್ಲ. ಒಂದೂ ಸಿನಿಮಾ ನೋಡದ ನಿನ್ನ ಹತ್ತಿರ ಎಲ್ಲ ಸಿನಿಮಾಕ್ಕೂ ತೀರ್ಪು ಇರುತ್ತಿತ್ತು. "ಇವನು ಬಡವನಂತೆ! ದನಿಯಲ್ಲಿ ಹಸಿವೇ ಇಲ್ಲ." "ಈ ವಿಲನ್ನು ಮನುಷ್ಯ ಒಳ್ಳೆಯವನು ಕಣೇ, ನಗು ಕೇಳಿದರೆ ಗೊತ್ತಾಗಲ್ವಾ?" ನಾನು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದೆ.

ಅಕ್ಕ ಬೇರೆ ಜಾತಿಯ ಹುಡುಗನನ್ನು ಮದುವೆಯಾಗಿ ಕೊಣನೂರಿಗೆ ಹೋದ ದಿನ ಅಪ್ಪ "ಅವಳು ಈ ಮನೆ ಪಾಲಿಗೆ ಇಲ್ಲ" ಅಂದು ತಲೆಗೆ ನೀರು ಸುರಿದುಕೊಂಡರು. ನೀನು ಅವರಿಗೆ ಒಣ ಪಂಚೆ ತಂದುಕೊಟ್ಟೆ. ಅರಕಲಗೂಡು ದಾಟಿದರೆ ಕೊಣನೂರು. ಬಸ್ಸು ನಮ್ಮ ಬೀದಿ ಕೊನೆಯಲ್ಲೇ ನಿಲ್ಲುತ್ತಿತ್ತು. ಆದರೂ ನೀನು...

ಆಮೇಲೆ ಆ ಸಿನಿಮಾ ಬಂತು. ಮಗಳು ಮನೆ ಬಿಟ್ಟು ಹೋದ ಕತೆ. ಹೂವು ಕಟ್ಟುವುದನ್ನು ಮರೆತು ನೀನು ಗೋಡೆಗೆ ಒರಗಿ ನಿಂತದ್ದು ಅದೇ ಮೊದಲು. ಕೊನೆಯಲ್ಲಿ ತಂದೆ ಕೂಗಾಡುತ್ತಾನೆ, ಬಾಗಿಲು ದಢಾರನೆ ಮುಚ್ಚುತ್ತದೆ. ಆಮೇಲೆ ಬಹಳ ಹೊತ್ತು ಏನೂ ಇಲ್ಲ. ಮಾತಿಲ್ಲ, ಸಂಗೀತವಿಲ್ಲ. ಆಮೇಲೆ ಕೇಳುವುದು ಜನ ಮೂಗು ಒರೆಸಿಕೊಂಡು ಹೊರಗೆ ಬರುವ ಸದ್ದು. "ಏನಾಯಿತೇ ಅಲ್ಲಿ?" ಅಂತ ನೀನು ದಿನಾ ಕೇಳುತ್ತಿದ್ದೆ, ನನಗೇನು ಗೊತ್ತು? ಹೂ ಮಾರುವ ಪುಟ್ಟಮ್ಮ ನೋಡಿ ಬಂದಿದ್ದಳು. ಅವಳನ್ನು ಹಿಂಬಾಗಿಲಲ್ಲಿ ನಿಲ್ಲಿಸಿ ಗುಟ್ಟಾಗಿ ವಿಚಾರಿಸಿದೆ. "ಅಯ್ಯೋ, ಅತ್ತೂ ಅತ್ತೂ ಕಣ್ಣೇ ಮಂಜಾಗೋಗಿತ್ತು ಕಣ್ರವ್ವ. ಅದೇನಾಯ್ತೋ ಕಾಣೆ" ಅಂದುಬಿಟ್ಟಳು!

ಆ ಸಿನಿಮಾ ಬೇಗ ಎತ್ತಂಗಡಿಯಾಯಿತು. ಅಷ್ಟರಲ್ಲಿ ನೀನೇ ಕೊನೆ ಕಟ್ಟಿಕೊಂಡಿದ್ದೆ. "ಮಗಳು ಬಂದಿರ್ತಾಳೆ ಕಣೇ. ಬಾಗಿಲಲ್ಲಿ ನಿಂತಿರ್ತಾಳೆ. ಇಬ್ಬರಿಗೂ ಮಾತು ಹೊರಡಲ್ಲ. ಅದಕ್ಕೇ ಸದ್ದಿಲ್ಲ." ಅವತ್ತಿನಿಂದ ಸಂಜೆ ಬಸ್ಸು ಬರುವ ಹೊತ್ತಿಗೆ ನೀನು ಬೀದಿ ಬಾಗಿಲಿನ ಚಿಲಕ ತೆಗೆದಿಡುತ್ತಿದ್ದೆ. ಅಪ್ಪ ಹಾಕುತ್ತಿದ್ದರು, ನೀನು ತೆಗೆಯುತ್ತಿದ್ದೆ. ವರ್ಷಗಟ್ಟಲೆ ನಿಮ್ಮಿಬ್ಬರ ಜಗಳವೆಲ್ಲ ಆ ಚಿಲಕದಲ್ಲೇ ನಡೆಯಿತು.

ನೀನು ಹೋದ ದಿನ ಅಕ್ಕ ಬಂದಳು. ಅಪ್ಪ ತಡೆಯಲಿಲ್ಲ, ಗೋಡೆ ಕಡೆ ತಿರುಗಿ ಕೂತರು. ಅವಳು ನಿನ್ನ ಕಾಲು ಹಿಡಿದುಕೊಂಡು ಕೂತಿದ್ದಾಗ ಆಚೆಯಿಂದ ಯಾವುದೋ ಕಾಮಿಡಿ ಸಿನಿಮಾದ ಮಾತು, ಜನರ ನಗು. ಅದಕ್ಕಿಂತ ಕೆಟ್ಟ ಸಿನಿಮಾ ನಾನು ಕೇಳಿಲ್ಲ. ಈಗ ಆ ಥಿಯೇಟರೂ ಇಲ್ಲ, ಕಲ್ಯಾಣಮಂಟಪ ಕಟ್ಟಿದ್ದಾರೆ.

ಮೊನ್ನೆ ಭಾನುವಾರ ಕೊಣನೂರಿಗೆ ಹೋಗಿದ್ದೆ. ಬಾವ ಸಂತೆಯಿಂದ ಹಳೇ ಸಿನಿಮಾದ ಸೀಡಿ ತಂದಿದ್ದರು. ನಾನೂ ಅಕ್ಕನೂ ಅವರೆಕಾಯಿ ಸುಲಿಯುತ್ತಾ ಕೂತೆವು. ತಂದೆಯ ದನಿ ಕೇಳುತ್ತಲೇ ನನಗೆ ಗೊತ್ತಾಯಿತು, ಅದೇ ಸಿನಿಮಾ. ಮುಖಗಳನ್ನು ನೋಡಿದ್ದು ಮಾತ್ರ ಈಗಲೇ. ನಿಜ ಹೇಳಲಾ? ಅಂಥಾ ದೊಡ್ಡ ಸಿನಿಮಾ ಏನಲ್ಲ ಅಮ್ಮ. ಹಾಡುಗಳು ಉದ್ದ, ತಂದೆಯ ಮೀಸೆ ಅಂಟಿಸಿದ್ದು ಅಂತ ಎದ್ದು ಕಾಣುತ್ತದೆ. ಬಾಗಿಲು ದಢಾರನೆ ಮುಚ್ಚಿತು. ನನ್ನ ಕೈ ನಿಂತುಹೋಯಿತು.

ಮಗಳು ಬರಲಿಲ್ಲ, ಅಮ್ಮ. ತಾಯಿ ಎದ್ದಳು. ಡಬ್ಬಿಯಿಂದ ನಾಲ್ಕು ಚಕ್ಕುಲಿ ತೆಗೆದು ಸೆರಗಿನಲ್ಲಿ ಕಟ್ಟಿಕೊಂಡಳು. ಮುಚ್ಚಿದ ಬಾಗಿಲನ್ನು ತಾನೇ ತೆಗೆದು ಹೊರಟಳು. ಗದ್ದೆ ಬದುವಿನ ಮೇಲೆ ಬರಿಗಾಲಲ್ಲಿ ನಡೆದಳು, ನಡೆದಳು... ಅದಕ್ಕೇ ನಿನಗೆ ಸದ್ದು ಕೇಳಲಿಲ್ಲ. ಮಗಳ ಮನೆ ಮುಂದೆ ನಿಂತು ಬಾಗಿಲು ತಟ್ಟಲು ಕೈ ಎತ್ತಿದಳು. ಅಲ್ಲಿಗೆ ಮುಗಿಯಿತು.

ನನಗೆ ನಿನ್ನ ಮೇಲೆ ಎಷ್ಟು ಸಿಟ್ಟು ಬಂತು ಗೊತ್ತಾ? ಬೀದಿ ಕೊನೆಯಲ್ಲೇ ಬಸ್ಸಿತ್ತಲ್ಲ ಅಮ್ಮ!

ಚಿಲಕದ ವಿಷಯ ಅಕ್ಕನಿಗೆ ಹೇಳಿದೆ. ಅವಳು ಸಿಪ್ಪೆಯನ್ನೆಲ್ಲ ಒಂದು ಕಡೆ ಗುಡ್ಡೆ ಮಾಡಿದಳು. "ನಾನೂ ಅಮ್ಮ ಬರ್ತಾಳೆ ಅಂತಲೇ ಕಾಯ್ತಿದ್ದೆ ಕಣೇ" ಅಂದಳು. ಆಮೇಲೆ ಕೇಳಿದಳು, "ಈ ಕೊನೆ ಅಮ್ಮಂಗೆ ಯಾರೂ ಹೇಳಲೇ ಇಲ್ವಾ?"

ಇಲ್ಲ ಅಂದೆ. ಅದಕ್ಕೇ ಇವತ್ತು ಬರೆಯುತ್ತಿದ್ದೇನೆ.