ಗುಂಡ್ಯಾನ ಪಾಲಿನ ರೊಟ್ಟಿ

ಪೆಂಡುರ್ತಿ, ವಿಶಾಖಪಟ್ಟಣ

ಮಗಳೇ ಹರಿಣಿ,

ಸುಖವಾಗಿ ಮನೆ ಸೇರಿದೆ. ಫೋನಿನಲ್ಲಾದರೆ ನೀನು ನಡುವೆಯೇ ಸಿಟ್ಟಾಗುತ್ತೀ, ಅದಕ್ಕೇ ಕಾಗದ ಬರೆಯುತ್ತಿದ್ದೇನೆ. ಪೂರ್ತಿ ಓದು.

ನಿಮ್ಮ ನಾಯಿ ಗುಂಡ್ಯಾ ಬಕೆಟ್ಟುಗಟ್ಟಲೆ ನೀರು ಕುಡಿದು ಮನೆಯೊಳಗೇ ಉಚ್ಚೆ ಹೊಯ್ಯುತ್ತಿದ್ದಾಗ ಯಾರಿಗೂ ಅದು ಕಾಯಿಲೆ ಅನ್ನಿಸಲಿಲ್ಲ. "ಏನಲೇ, ಕೃಷ್ಣಾ ನದಿ ಕುಡದು ನಮ್ಮ ಪಡಸಾಲ್ಯಾಗ ಬಿಡ್ತೀ?" ಅಂತ ನಿನ್ನ ಅತ್ತೆ ರಾಜಮ್ಮನವರು ನಗುತ್ತಲೇ ಒರೆಸುತ್ತಿದ್ದರಂತೆ. ಅದು ಊಟ ಬಿಟ್ಟು ಮಲಗಿದ ಮೇಲೆ ರಕ್ತ ತೆಗೆಸಿದರೆ ಮೂತ್ರಪಿಂಡ ಕೆಟ್ಟಿದೆ. ಪಶುವೈದ್ಯ ಡಾಕ್ಟರ್ ಸಾಯಿಕಿರಣ್ ಅದರ ಊಟ ವಿಚಾರಿಸಿ, ಅತ್ತೆ ಹಾಕುತ್ತಿದ್ದ ಬೂಷ್ಟು ಹಿಡಿದ ರೊಟ್ಟಿಯ ಮೇಲೆಯೇ ಅನುಮಾನಪಟ್ಟರು. ಒರೆಸಿದರೂ, ಹಂಚಿನ ಮೇಲೆ ಕಾಯಿಸಿದರೂ ಬೂಷ್ಟು ಬಿಟ್ಟ ವಿಷ ಹೋಗುವುದಿಲ್ಲವಂತೆ. ಅಂದಿನಿಂದ ನೀನು ಅತ್ತೆಯ ಜೊತೆ ಮಾತು ಬಿಟ್ಟಿದ್ದೀ.

ತಪ್ಪಾಗಿದ್ದು ಹೌದು. ಅವರ ಊರು ಜಮಖಂಡಿಯಲ್ಲಿ ಖಡಕ್ ರೊಟ್ಟಿ ಬುಟ್ಟಿಯಲ್ಲಿ ತಿಂಗಳುಗಟ್ಟಲೆ ಕೆಡುವುದಿಲ್ಲ. ನೀವೀಗಿರುವ ಭವಾನಿಪುರಂನ ಹೊಳೆಗಾಳಿಗೆ ಅದೇ ರೊಟ್ಟಿ ಬೇಗ ಮೆತ್ತಗಾಗುತ್ತದೆ. ಬ್ಯಾಂಕಿನವರು ನಿನ್ನ ಗಂಡನಿಗೆ ವಿಜಯವಾಡಕ್ಕೆ ವರ್ಗ ಕೊಟ್ಟರು, ಗಾಳಿ ಬದಲಾಯಿತು ಅಂತ ಊರಿನಿಂದ ಬರುವ ರೊಟ್ಟಿಗೆ ಯಾರು ಹೇಳಬೇಕು?

ಈಗ ನೀನು ಕಾಣದ್ದು ಕೇಳು. ನಾನು ಹೊರಟ ದಿನ ನೀನು ಆಸ್ಪತ್ರೆಯ ಲ್ಯಾಬಿಗೆ ಡ್ಯೂಟಿಗೆ ಹೋಗಿದ್ದೆ. ಅಡುಗೆಮನೆಯಲ್ಲಿ ನಿನ್ನ ಅತ್ತೆ ಹಸಿರಾದ ರೊಟ್ಟಿ ಒರೆಸಿ, ಕಾಯಿಸಿ, ತಮ್ಮ ತಾಟಿಗೇ ಹಾಕಿಕೊಳ್ಳುತ್ತಿದ್ದರು. ಇದೇನು ಅಂದೆ.

"ಚೆಲ್ಲಾಕ ಬರ್ತೈತೇನ್ರೀ ಗಿರಿಜಕ್ಕಾ? ಚಲೋವು ಹರಿಣಿ ಡಬ್ಬಿಗೆ ಹಾಕೇನಿ. ಮೊದಲೂ ಗುಂಡ್ಯಾಗ ಅರ್ಧಾ, ನನಗ ಅರ್ಧಾ. ಈಗ ಅದರ ಪಾಲೂ ನನಗ. ನಾಯಿ ಹೊಟ್ಟಿ ನಾಜೂಕು, ನಂದು ಕಲ್ಲೂ ಅರಗಿಸ್ತೈತಿ."

ತಾಟು ಕಸಿದುಕೊಂಡೆ. ಉಳಿದದ್ದನ್ನು ಬೀದಿ ಹಸುವಿಗಾದರೂ ಹಾಕೋಣ ಅಂದರು. ಅದಕ್ಕೂ ಮೂತ್ರಪಿಂಡ ಇದೆ ಅಂದೆ. ಒಂದೊಂದೇ ರೊಟ್ಟಿ ಕಣ್ಣಿಗೊತ್ತಿಕೊಂಡು ಕಸದ ಚೀಲಕ್ಕೆ ಹಾಕಿದರು.

ಮೂತ್ರಪಿಂಡ ಕೆಟ್ಟಷ್ಟು ಕೆಟ್ಟಿತು, ಉಳಿದದ್ದನ್ನು ಕಾಯ್ದುಕೊಳ್ಳಬಹುದು ಅಂತ ಡಾಕ್ಟರು ಹೇಳಿದ್ದಾರಲ್ಲ, ಗುಂಡ್ಯಾನ ಸಲೈನು ತಪ್ಪಿಸಬೇಡ. ಹಾಗೇ ಅತ್ತೆಯನ್ನೂ ನಾಳೆಯೇ ನಿಮ್ಮ ಆಸ್ಪತ್ರೆಗೆ ಕರೆದುಕೊಂಡು ಹೋಗಿ ರಕ್ತ ಪರೀಕ್ಷೆ ಮಾಡಿಸು. ದಿನವೆಲ್ಲ ಕಂಡವರ ರಕ್ತ ನೋಡುವವಳು ನೀನು. ಅವರು ಬರುವುದಿಲ್ಲ ಅಂತ ಹಟ ಹಿಡಿಯುತ್ತಾರೆ. ಒಪ್ಪಿಸುವುದಕ್ಕಾದರೂ ನೀನೇ ಬಾಯಿ ಬಿಡಬೇಕು.

ಗುಂಡ್ಯಾನನ್ನೂ ಸೇರಿಸಿ ನಿಮ್ಮ ಮನೆಯ ಎಲ್ಲರ ಹೊಟ್ಟೆ ತಣ್ಣಗಿರಲಿ.

ನಿನ್ನ ದೊಡ್ಡವ್ವ,
ಗಿರಿಜಾ