ಹಸಿರು ಹೊಂಡದ ರೀಡಿಂಗು

ಕಿರುಗಾವಲು
೧೮ ಮೇ ೨೦೨೫, ಭಾನುವಾರ

ನನ್ನ ಮುದ್ದು ಮೊಮ್ಮಗಳು ಶೋಭಿತಾಗೆ,

ಹೇಗಿದ್ದೀಯಮ್ಮ? ಕೊಚ್ಚಿಯ ಊಟ ಒಗ್ಗಿತೇ? ಕೊಬ್ಬರಿ ಎಣ್ಣೆಯ ಪಲ್ಯ ನಿನ್ನ ಗಂಟಲಿಗೆ ಇಳಿಯುವುದಿಲ್ಲ ಎಂಬುದು ನಿನ್ನ ಅಜ್ಜಿಯ ದೊಡ್ಡ ಚಿಂತೆ. ನೀವು ಸಂಶೋಧಕರೆಲ್ಲ ಅಲ್ಲಿ ಸೇರಿ ಹವಾಮಾನದ ಬಗ್ಗೆ ಮಾಡುವ ಚಿಂತೆಗಿಂತ ಅದು ಒಂದು ಕೈ ಮೇಲೇ ಇದೆ. ನಾನು ಚೆನ್ನಾಗಿದ್ದೇನೆ. ಅವಳ ಮಂಡಿ ಮಾತ್ರ ಏಪ್ರಿಲ್ ಕೊನೆಯಲ್ಲಿ ಊದಿಕೊಂಡು ಒಂಬತ್ತು ದಿನ ಹಿತ್ತಿಲು ದಾಟಲಿಲ್ಲ. ಈಗ ಓಡಾಡುತ್ತಾಳೆ, ಗೊಣಗುತ್ತಲೂ ಇದ್ದಾಳೆ, ಆದ್ದರಿಂದ ಗುಣವಾಗಿದೆ ಎಂದೇ ತಿಳಿ. ಇದನ್ನೆಲ್ಲ ಫೋನಿನಲ್ಲೇ ಹೇಳಬಹುದಿತ್ತು. ಆದರೆ ಮೂವತ್ತನಾಲ್ಕು ವರ್ಷ ಶಿವನಸಮುದ್ರದ ಪವರ್ ಹೌಸಿನಲ್ಲಿ ರೀಡಿಂಗ್ ಬರೆದವನಿಗೆ ಬರೆದದ್ದೇ ಮಾತು, ಉಳಿದದ್ದು ಗಾಳಿ.

ಮನೆ ಹಿಂದೆ ನೀನು ತೋಡಿಸಿದ ಎರಡು ಹೊಂಡಗಳ ಸಮಾಚಾರ ಹೇಳುತ್ತೇನೆ. ಬೆಳಿಗ್ಗೆ ಆರಕ್ಕೆ, ಮಧ್ಯಾಹ್ನ ಎರಡಕ್ಕೆ ಥರ್ಮಾಮೀಟರ್ ಇಳಿಬಿಟ್ಟು ನೀನು ಕೊಟ್ಟ ಪುಸ್ತಕದಲ್ಲಿ ಬರೆಯುತ್ತಿದ್ದೇನೆ. ಮೊನ್ನೆ ಮಧ್ಯಾಹ್ನ ನೀರು ಮೂವತ್ತನಾಲ್ಕು ಡಿಗ್ರಿ ಮುಟ್ಟಿತು. ಮೊದಲ ಹೊಂಡಕ್ಕೆ ನೀನು ತಂದಿಟ್ಟ ಮೀನಿನ ತಿಂಡಿಯನ್ನು ಅಳತೆಯಂತೆ ಹಾಕುತ್ತೇನೆ. ಎರಡನೆಯದಕ್ಕೆ, ಅಂದರೆ ಹಸಿರು ಹೊಂಡಕ್ಕೆ, ಸಗಣಿ ಗೊಬ್ಬರ ಬಿಟ್ಟರೆ ಏನೂ ಇಲ್ಲ. ನೀರಿನಲ್ಲಿ ತಾನಾಗಿ ಬೆಳೆಯುವುದನ್ನೇ ತಿಂದು ಕಾಟ್ಲಾ ಮೀನಿನ ಮರಿಗಳು ಈ ಬಿಸಿಲಿನಲ್ಲಿ ಬೆಳೆಯಬಲ್ಲವೇ ಎನ್ನುವುದಲ್ಲವೇ ನಿನ್ನ ಪ್ರಶ್ನೆ? ಮರಿ ಬಿಟ್ಟ ದಿನ ನಿನ್ನ ಅಜ್ಜಿ ಸೊಂಟದ ಮೇಲೆ ಕೈಯಿಟ್ಟು, "ಒಂದ್ ಗುಂಡೀಲಿರೋವ್ಕೆ ಊಟ ಇಕ್ಕಿ, ಇನ್ನೊಂದ್ ಗುಂಡೀಲಿರೋವ್ನ ಉಪಾಸ ಕೆಡವಾಕೆ ಅದ್ಯಾವ್ ಓದಮ್ಮ ನಿಂದು?" ಎಂದಿದ್ದಳು. ನೀನು ನಕ್ಕುಬಿಟ್ಟೆ. ಬೇಸಿಗೆಯ ಬೆಳಗಿನಲ್ಲಿ ಮೀನು ಮೇಲೆ ಬಂದು ಬಾಯಿ ತೆರೆದರೆ, "ಅದು ಹಸಿವಲ್ಲ ಅಜ್ಜಿ, ಉಸಿರು" ಎಂದೆ. ನೀರು ಬಿಸಿಯಾದಷ್ಟೂ ಅದರಲ್ಲಿ ಗಾಳಿ ಕಡಿಮೆಯಾಗುತ್ತದೆ ಎಂದು ವಿವರಿಸಿದೆ. ನನಗೆ ಅರ್ಥವಾಯಿತು. ಅವಳು ಸೊಪ್ಪು ಬಿಡಿಸುತ್ತಿದ್ದಳು.

ಎರಡು ಗಂಟೆಯ ರೀಡಿಂಗಿಗೆ ಅರ್ಧ ಗಂಟೆ ಮುಂಚೆಯೇ ಹೋಗಿ ಹೊಂಗೆ ಮರದ ನೆರಳಲ್ಲಿ ಕೂರುತ್ತೇನೆ. ಆ ಹೊತ್ತಿನಲ್ಲಿ ಊರೆಲ್ಲ ಮಲಗಿರುತ್ತದೆ. ಗದ್ದೆ ಬಯಲಿನ ಮೇಲೆ ಬಿಸಿಲು ನಡುಗುತ್ತಿರುತ್ತದೆ, ನೀರಿನ ಮೇಲೆ ಒಂದು ಏರೋಪ್ಲೇನ್ ಚಿಟ್ಟೆ ನಿಂತಲ್ಲೇ ನಿಂತಿರುತ್ತದೆ. ಕಣ್ಣು ತೂಗುತ್ತದೆ. ಆಗ ಎಲ್ಲಿಂದಲೋ ಟರ್ಬೈನಿನ ಗುಂಯ್ ಎನ್ನುವ ಸದ್ದು ಬರುತ್ತದೆ. ನಾನು ಮತ್ತೆ ಪ್ಯಾನಲ್ ಮುಂದೆ ನಿಂತು ಮುಳ್ಳು ನೋಡಿ ಬರೆಯುತ್ತಿರುತ್ತೇನೆ, ಆಚೆ ಕಾವೇರಿ ಧುಮುಕುತ್ತಿರುತ್ತಾಳೆ, ನಾಲ್ಕು ವರ್ಷದ ನೀನು ನನ್ನ ಹೆಗಲ ಮೇಲೆ ಕೂತು ಈ ನೀರೆಲ್ಲ ಎಲ್ಲಿಗೆ ಹೋಗುತ್ತೆ ತಾತ ಎಂದು ಕೇಳುತ್ತಿರುತ್ತೀಯ. ಉತ್ತರ ಹೇಳುವಷ್ಟರಲ್ಲಿ ಎಚ್ಚರವಾಗುತ್ತದೆ. ಎದುರಿಗೆ ಹಸಿರು ನೀರು, ಒಳಗೆಲ್ಲೋ ನಿಧಾನವಾಗಿ ಹೊರಳುವ ಬೆಳ್ಳನೆಯ ಮೈ. ಇದು ಕನಸೋ ಅದು ಕನಸೋ ಎಂದು ಸ್ವಲ್ಪ ಹೊತ್ತು ತಿಳಿಯುವುದೇ ಇಲ್ಲ.

ಬೆಳಗಿನ ಹೊತ್ತು ಇನ್ನೂ ಚೆಂದ. ನಿನ್ನ ಅಜ್ಜಿ ದಡದ ಕಲ್ಲಿನ ಹತ್ತಿರ ಬಂದರೆ ಸಾಕು, ಬಳೆ ಸದ್ದಿಗೆ ಹಸಿರು ಹೊಂಡದ ಮೀನೆಲ್ಲ ಅಲ್ಲಿಗೇ ಬಂದು ಸೇರುತ್ತವೆ. ಬುದ್ಧ ಪೂರ್ಣಿಮೆಯ ದಿನ ಪಟದ ಮುಂದೆ ದೀಪ ಹಚ್ಚಿ ಹಾಗೆಯೇ ಬಂದು ಕೂತಳು, ತಲೆಯಲ್ಲಿ ಮಲ್ಲಿಗೆ. ಮದುವೆಯಾದ ಹೊಸದರಲ್ಲಿ ಇದ್ದಂತೆಯೇ ಕಂಡಳು. ಮೊಮ್ಮಗಳಿಗೆ ಇಂಥದ್ದನ್ನೆಲ್ಲ ಬರೆಯಬಾರದು, ಬರೆದಿದ್ದೇನೆ.

ನಿನ್ನ ಜೊತೆ ಕೆಲಸ ಮಾಡುವ ರಂಜಿತ ಹೋದ ವಾರ ಬಂದು ಬಲೆ ಹಾಕಿಸಿ ತೂಕ ನೋಡಿದಳು. ಏನೂ ಹಾಕದ ಹೊಂಡದ ಮೀನು ತಿಂಡಿ ತಿಂದ ಮೀನಿಗೆ ಸರಿಸಮವಾಗಿ ಬೆಳೆದಿದೆ ಎಂದು ಕುಣಿದಾಡಿಬಿಟ್ಟಳು. ೨೯ರಂದು ಅಲ್ಲಿನ ಸಭೆಯಲ್ಲಿ ನೀನು ಓದುವುದು ಇದನ್ನೇ ಅಂತೆ. ಸುದ್ದಿ ಆತಗೂರಿಗೂ ಮುಟ್ಟಿ, ಅಲ್ಲಿನ ರೈತ ಅಂಕಯ್ಯ ನಿನ್ನೆ ಬಂದಿದ್ದ. "ನಾನೂವೆ ಮರಿ ಬುಡ್ತೀನಿ ಕಣಣ್ಣ, ಏನೂ ಆಕಾಕಿಲ್ಲ. ನಿನ್ ಮೊಮ್ಮಗಳ ಮಾತು ಅಂದ್ರೆ ಮುಗೀತು" ಎಂದ. ಅವನು ಹೋದ ಮೇಲೆ ನನಗೆ ಊಟ ಸೇರಲಿಲ್ಲ.

ಹೊತ್ತಿಗೆ ಸರಿಯಾಗಿ ಉಣ್ಣು, ಕಣ್ಣಿಗೆ ನಿದ್ದೆ ಕೊಡು. ನಿನ್ನ ಓದು ನಾಲ್ಕು ಜನರ ಮನೆ ಬೆಳಗಲಿ. ಅಜ್ಜಿಯ ಮುತ್ತುಗಳು ಈ ಕಾಗದದಲ್ಲೇ ಇವೆ.

ನಿನ್ನ ತಾತ,
ಮರಿಸಿದ್ದಯ್ಯ

ತಾ.ಕ.: ಇದನ್ನು ಬರೆಯುವ ಧೈರ್ಯ ಸಾಲದೆ ಅಷ್ಟೆಲ್ಲ ಬರೆದೆ. ಹಸಿರು ಹೊಂಡಕ್ಕೆ ನಿನ್ನ ಅಜ್ಜಿ ದಿನಾ ಬೆಳಿಗ್ಗೆ ತಂಗಳು ಮುದ್ದೆ ಹಾಕಿದ್ದಾಳೆ. ಏಪ್ರಿಲ್ ಹನ್ನೊಂದರಂದು ಕಣ್ಣಾರೆ ಕಂಡೆ. "ಸುಮ್ಕಿರಿ, ಬಾಯ್ ಬುಟ್ಕಂಡ್ ಕೇಳ್ತಾವೆ" ಎಂದಳು. ನಾನು ಪುಸ್ತಕದಲ್ಲಿ 'ಆಹಾರ: ಇಲ್ಲ' ಎಂದೇ ಬರೆದೆ. ಅವಳ ಮಂಡಿ ಊದಿದ್ದ ಒಂಬತ್ತು ದಿನ ಮುದ್ದೆ ಒಯ್ದು ಹಾಕಿದವನು ನಾನೇ. ಪವರ್ ಹೌಸಿನಲ್ಲಿ ಒಂದು ದಿನವೂ ಸುಳ್ಳು ರೀಡಿಂಗ್ ಬರೆದವನಲ್ಲ, ನಿನ್ನ ಪುಸ್ತಕದಲ್ಲಿ ಬರೆದೆ. ಆ ತೂಕವನ್ನು ೨೯ರಂದು ಓದಬೇಡ ಕಂದ. ಪ್ರತಿ ದಿನದ ಎದುರು ಕೆಂಪು ಶಾಯಿಯಲ್ಲಿ 'ಮುದ್ದೆ ಹಾಕಿದೆ' ಎಂದು ತಿದ್ದಿ ಸಹಿ ಮಾಡಿ ಪುಸ್ತಕವನ್ನು ಇದರ ಜೊತೆಗೇ ನಾಳೆ ಸ್ಪೀಡ್ ಪೋಸ್ಟ್ ಮಾಡುತ್ತೇನೆ. ಅಂಕಯ್ಯನಿಗೂ ಫೋನ್ ಮಾಡಿ ಹೇಳಿದೆ. ಕೊಳೆತ ಮುದ್ದೆ ನೀರಿನ ಗಾಳಿಯನ್ನೇ ತಿನ್ನುತ್ತದೆ ಎಂದು ನಿನ್ನ ಅಜ್ಜಿಗೆ ಕೂರಿಸಿಕೊಂಡು ವಿವರಿಸಿದೆ. "ಅಂಗಾರೆ ಅವುಗಳ ಉಸ್ರು ಕಟ್ಸಿದ್ದು ನಾನೇಯ" ಎಂದಳು. ಇವತ್ತು ಬೆಳಿಗ್ಗೆ ಬಳೆ ಸದ್ದಾಗದಂತೆ ಎರಡೂ ಕೈಗೆ ಸೆರಗು ಸುತ್ತಿಕೊಂಡು ಕಲ್ಲಿನ ಮೇಲೆ ಕೂತಿದ್ದಳು. ಆದರೂ ಅವು ಬಂದವು. ಅದನ್ನೂ ಬರೆದಿದ್ದೇನೆ.