ದೀಪದ ಫ್ರೇಮು

ಆಗಸ್ಟ್ 4, ಸೋಮವಾರ. ಸಂಜೆ

ಮತ್ತೆ ಜೆರಾಕ್ಸ್ ಅಂಗಡಿಯವನ ಮುಖ. ಕನ್ನಡ ಮೀಡಿಯಂ ಮಕ್ಕಳ ವರ್ಕ್‌ಬುಕ್ ಇನ್ನೂ ಬಂದಿಲ್ಲ. ಪಿಡಿಎಫ್ ಹಿಡಿದುಕೊಂಡು ಹೋಗಿ ಪ್ರಿಂಟ್ ಹಾಕಿಸೋದು ನನ್ನ ಹಣೆಬರಹ. "ಟೀಚರ, ತೆಲುಗಿನ್ಯಾಗ ಕಲಿಸಿಬಿಡ್ರಿ, ನಿಮಗೂ ತ್ರಾಸಿಲ್ಲ, ನನಗೂ ತ್ರಾಸಿಲ್ಲ" ಅಂದ. ಅಲ್ಲಿ ನಕ್ಕೆ. ಮನೆಗೆ ಬಂದು ಸಿಟ್ಟು ಬಂತು. ಆಂಧ್ರದ ಈ ರಾಯದುರ್ಗದಲ್ಲಿ ಕನ್ನಡದಲ್ಲೇ ಹುಟ್ಟಿ ಬೆಳೆದವಳಿಗೆ ಬುದ್ಧಿ ಹೇಳ್ತಾನೆ.

ಮನೆಗೇ ಒಂದು ಪ್ರಿಂಟರ್ ತರೋದು. ಆಯ್ತು, ತೀರ್ಮಾನ.

ಇನ್ನೊಂದು ಕಾರಣವೂ ಇದೆ, ಇಲ್ಲಿ ಬರೆಯೋಕೆ ಏನು ನಾಚಿಕೆ. ಇವರ 'ಕಾಣೆಯಾಗಿದ್ದಾರೆ' ಪೋಸ್ಟರ್. ಕಲ್ಯಾಣದುರ್ಗ ಬಸ್‌ಸ್ಟ್ಯಾಂಡಿನಲ್ಲಿ ಅಂಟಿಸಿದ್ದು ಬಿಸಿಲಿಗೆ ಬೆಳ್ಳಗಾಗಿದೆ. ಹೊಸದು ಹಾಕಿಸೋಕೆ ಹೋದಾಗಲೆಲ್ಲ ಅಂಗಡಿಯವನು ದನಿ ತಗ್ಗಿಸುತ್ತಾನೆ, ಸಾವಿನ ಮನೆಗೆ ಬಂದವರ ಹಾಗೆ. ಅದು ನನಗೆ ಆಗಲ್ಲ.

ಆಗಸ್ಟ್ 9

ಮಾರೇಶನ ಕಂಪ್ಯೂಟರ್ ಅಂಗಡಿ. ಕೂತು ಎಲ್ಲ ಕೇಳಿಕೊಂಡು ಬಂದೆ. ಲೇಸರ್ ಬೇಡ, ಕಲರ್ ಫೋಟೋ ಬರಲ್ಲ. ಉಳಿದದ್ದು ಎರಡು — ಕಾರ್ಟ್ರಿಜ್‌ದು, ಇಂಕ್ ಟ್ಯಾಂಕ್‌ದು. ಮಾರೇಶ್ ಹೇಳಿದ್ದು ಚೆನ್ನಾಗಿತ್ತು: "ಕಾರ್ಟ್ರಿಜ್ ಅಂದ್ರ ದಿನಾ ಕ್ಯಾನ್ ನೀರು ತರಿಸಿದಂಗ್ರಿ. ಟ್ಯಾಂಕ್ ಅಂದ್ರ ಮನ್ಯಾಗ ಸಂಪು ಕಟ್ಟಿಸಿದಂಗ. ಖಾಲಿ ಆದ್ರ ಬಾಟ್ಲಿ ತಂದು ನೀವ ಸುರಕೊಳ್ರಿ."

ಟ್ಯಾಂಕ್‌ದೇ ಇರಲಿ ಅಂದೆ. ಮುಂದೆ ನಾಲ್ಕು ಗಾಜಿನ ಕಿಟಕಿ, ಯಾವ ಬಣ್ಣ ಎಷ್ಟಿದೆ ಕಣ್ಣಿಗೇ ಕಾಣತ್ತೆ. ಕಾಣದೇ ಇರೋದನ್ನ ನಂಬಿ ಸಾಕಾಗಿದೆ.

"ಒಂದು ಮಾತು ಮೇಡಂ. ದಿನಾ ಒಂದರ ಕಲರ್ ಪೇಜು ಹೊಡೀರಿ. ಸುಮ್ನ ಬಿಟ್ರ ಹೆಡ್‌ನ್ಯಾಗ ಇಂಕು ಒಣಗಿ ಕುಂದರತೈತಿ."

"ಒಣಗಿದ್ದು ಮತ್ತ ಬರತೈತೇನು?"

"ಒಮ್ಮೊಮ್ಮೆ ಬರತೈತ್ರಿ. ಒಮ್ಮೊಮ್ಮೆ ಇಲ್ರಿ."

ಆಗಸ್ಟ್ 10, ಭಾನುವಾರ

ಬಾಟಲಿಯಿಂದ ಇಂಕು ಸುರಿದೆ. ಗುಳುಗುಳು ಅಂತ ಅದೇ ಕುಡಿಯಿತು. ಕೈಗೆಲ್ಲ ಕಪ್ಪು. ಮೊದಲ ಪೇಜು ಇವರದೇ. ಮತ್ತೊಮ್ಮೆ ಟೈಪ್ ಮಾಡಿದೆ, ಬಾಯಿಪಾಠ — ಕಾಣೆಯಾಗಿದ್ದಾರೆ. ನಾಗಾರ್ಜುನ. ಮಡಕಶಿರಾ ಹತ್ತಿರದ ಹಳ್ಳಿಯಿಂದ ರೇಷ್ಮೆಗೂಡು ತುಂಬಿದ ಗಾಡಿ ತೆಗೆದುಕೊಂಡು ಹಿಂದೂಪುರದ ಕಡೆ ಹೋದವರು ತಿರುಗಿ ಬಂದಿಲ್ಲ. ಗಾಡಿ ರಸ್ತೆ ಪಕ್ಕ ಸಿಕ್ಕಿದೆ.

ಮೂರು ವರ್ಷವಾದರೂ ಒಂದು ಅಕ್ಷರ ಬದಲಾಗಿಲ್ಲ.

ಎಷ್ಟು ಚೆನ್ನಾಗಿ ಬಂತು! ಎಡಹುಬ್ಬಿನ ಮೇಲಿನ ಗಾಯದ ಗುರುತು ಕೂಡ. ಇಂಕು ಒಣಗುವ ತನಕ ಊದಿದೆ. ಅತ್ತುಬಿಟ್ಟೆ, ಸುಳ್ಳು ಯಾಕೆ.

ಆಗಸ್ಟ್ 23

ದಿನದ ಕಲರ್ ಪೇಜು ಅಂತ ಪೋಸ್ಟರನ್ನೇ ಹೊಡೀತಿದ್ದೀನಿ. ಕಣೇಕಲ್ಲು ಕಡೆ ಹೋಗೋ ಆಟೋಗಳ ಹಿಂದೆಲ್ಲ ಈಗ ಇವರೇ.

ಅತ್ತೆ ಫೋನ್ ಮಾಡಿದ್ದರು. "ಮಾಲಯ ಅಮಾಸೆ ಬತ್ತೈತೆ ಕಣಮ್ಮ. ನಿಮ್ ಮಾವುಂದು ಫೋಟೋ ಗೆದ್ಲು ತಿಂದೈತೆ. ಮಿಷನ್ ತಂದಿದ್ದೀಯಂತಲ್ಲ, ದೊಡ್ದು ಒಂದು ಮಾಡ್ಕೊಡು." ಆಮೇಲೆ, "ಹಂಗೇ ಅವುಂದೂ ಒಂದು" ಅಂದರು.

ಗೊತ್ತಿದ್ದೂ ಕೇಳಿದೆ, ಯಾರದು ಅತ್ತೆ?

"ನಮ್ ಹುಡುಗುಂದು."

ಫೋನ್ ಕಟ್ ಮಾಡಿದೆ. ಮಹಾಲಯ ಅಮಾವಾಸ್ಯೆಗೆ ಎಡೆ ಇಡೋದು ಸತ್ತ ಹಿರಿಯರಿಗೆ. ಬದುಕಿರುವವರಿಗೆ ಇಟ್ಟರೆ ಆಯಸ್ಸು ಕತ್ತರಿಸಿದ ಹಾಗೆ. ಇದನ್ನು ನನಗೆ ಕಲಿಸಿದವರು ಇದೇ ಅತ್ತೆ, ನರಸಕ್ಕ! ಮದುವೆಯಾದ ಹೊಸದರಲ್ಲಿ ಇವರ ಫೋಟೋ ಮಾವನ ಫೋಟೋ ಪಕ್ಕ ಇಟ್ಟಿದ್ದಕ್ಕೆ ಕೈ ಮೇಲೆ ಪಟ್ಟನೆ ಹೊಡೆದಿದ್ದರು. ಈಗ ಅವರೇ.

ಆಗಸ್ಟ್ 31

ಮಾರೇಶ್ ಕೊಟ್ಟ ಡಿಸೈನ್‌ಗಳಲ್ಲಿ ಶ್ರದ್ಧಾಂಜಲಿದೂ ಒಂದಿದೆ. ಮೇಲೆ ಎರಡು ದೀಪ, ಸುತ್ತ ಹೂವು, ನಡುವೆ ಮುಖ. ಮಾವನ ಹಳೇ ಫೋಟೋ ಮೊಬೈಲಿಗೆ ತರಿಸಿಕೊಂಡು ಹಾಕಿದೆ. ಮೂಡಲಗಿರಿಯಪ್ಪನವರು ಎದ್ದು ಬಂದ ಹಾಗೆ ಬಂದರು. ಗೆದ್ದಲು ತಿಂದ ಕಿವಿ ಕೂಡ ಇತ್ತು. ಆ ಕಿವಿ ಎಲ್ಲಿಂದ ಬಂತೋ.

ಅತ್ತೆದು ಮತ್ತೆ ಫೋನು. ಅಳು. ಬಾಯಿ ಮುಚ್ಚಿಸೋಕೆ ಇವರದೂ ಒಂದು ಹೊಡೆದು ಇಟ್ಟುಕೊಳ್ಳೋಣ, ಕೊಡೋದು ಬಿಡೋದು ಆಮೇಲೆ ಅಂದುಕೊಂಡೆ. ಅದೇ ಫ್ರೇಮು. ದೀಪ ಬಂತು, ಹೂವು ಬಂತು, ಕೂದಲು, ಕಿವಿ, ಚೆಕ್ಸ್ ಶರ್ಟು. ಮುಖ ಇಲ್ಲ. ಬಿಳಿ.

ಇಂಕು ಒಣಗಿರಬೇಕು.

ಸೆಪ್ಟೆಂಬರ್ 3

ಒಣಗಿಲ್ಲ. ಇಂಕು ಸರಿಯಾಗಿ ಇಳಿಯತ್ತಾ ಅಂತ ನಾಜಲ್ ಚೆಕ್ ಪೇಜು ಹೊಡೆದೆ, ಒಂದು ಗೆರೆಯೂ ತಪ್ಪಿಲ್ಲ. ಪೋಸ್ಟರ್ ಹೊಡೆದೆ — ಮುಖ ಬಂತು. ಅದೇ ಫೋಟೋ ದೀಪದ ಫ್ರೇಮಿನಲ್ಲಿ ಹಾಕಿದೆ — ಬಿಳಿ. ಮದುವೆಯ ಫೋಟೋ ಹಾಕಿದೆ. ಪೇಟ ಬಂತು, ಬಾಸಿಂಗ ಬಂತು. ಅದರ ಕೆಳಗೆ ಬಿಳಿ. ಕಾಗದ ತಿರುಗಿಸಿ ಇಟ್ಟೆ.

ಸೆಪ್ಟೆಂಬರ್ 6, ಶನಿವಾರ

ಮಾರೇಶ್ ಮನೆಗೇ ಬಂದ. ನಗುತ್ತಲೇ ಬಂದ. ಮೊದಲು, ತೀರಿಕೊಂಡ ಅವರವ್ವ ಚೌಡಕ್ಕನ ಫೋಟೋ ಮೊಬೈಲಿಂದ ತೆಗೆದು ಫ್ರೇಮಿಗೆ ಹಾಕಿದ. ಚೌಡಕ್ಕ ಮೂಗುಬೊಟ್ಟಿನ ಸಮೇತ ಬಂದಳು. "ನೋಡ್ರಿ, ಮಷಿನ್ ಗಟ್ಟಿ ಐತಿ." ಆಮೇಲೆ ಇವರದು. ಬಿಳಿ. "ಫೈಲ್ ಕೆಟ್ಟೈತ್ರಿ."

ನನ್ನದು ಹಾಕು ಅಂದೆ.

"ಬ್ಯಾಡ್ರಿ ಮೇಡಂ. ಬದುಕಿದ್ದವ್ರದು ಅದ್ರಾಗ ಹಾಕಬಾರದ್ರಿ."

ನಾನೇ ಹಾಕಿದೆ. ಸ್ಕೂಲ್ ಐಡಿ ಕಾರ್ಡಿನ ಫೋಟೋ. ಎಣ್ಣೆ ಹಚ್ಚಿ ಬಾಚಿದ ತಲೆ, ಕಾಸಿನಗಲ ಕುಂಕುಮ, ನೀಲಿ ಸೀರೆ. ದೀಪ ಬಂತು, ಹೂವು ಬಂತು, ಬೈತಲೆ ಬಂತು, ಸೀರೆಯ ಅಂಚು ಬಂತು. ಮುಖದ ಜಾಗ ಬಿಳಿ.

ಮಾರೇಶ್ ಬ್ಯಾಗು ತಗೊಂಡ. ಹೋಗುವಾಗ ಅವರವ್ವನ ಫೋಟೋ ಮರೆಯದೆ ಮಡಿಚಿಟ್ಟುಕೊಂಡ. ಚಹಾ ಅಲ್ಲೇ ಆರಿತು.

ಅವನು ಹೆದರಿದ. ನಾನು ಹೆದರಲಿಲ್ಲ. ಬಾಗಿಲು ಹಾಕಿ ನೆಲದ ಮೇಲೆ ಕೂತುಬಿಟ್ಟೆ. ಸತ್ತವರದು ಬರತ್ತೆ. ಬದುಕಿರೋರದು ಬರಲ್ಲ.

ಇವರು ಬದುಕಿದ್ದಾರೆ.

ಸೆಪ್ಟೆಂಬರ್ 7

ಬದುಕಿದ್ದಾರೆ. ಇವತ್ತು ಹೋಳಿಗೆ ಮಾಡಿದೆ.

ಸೆಪ್ಟೆಂಬರ್ 14

ದಿನಾ ಸ್ಕೂಲಿಂದ ಬಂದ ತಕ್ಷಣ ದೀಪದ ಫ್ರೇಮಿನಲ್ಲಿ ಇವರದೊಂದು ಪ್ರಿಂಟು. ಬಿಳಿ. ಅದನ್ನು ನೋಡಿದ ಮೇಲೇ ಊಟ. ಆ ಬಿಳಿ ಮುಖ ಕಂಡರೆ ಬೇರೆಯವರು ಓಡಿಹೋಗುತ್ತಾರೆ, ನನಗೆ ಆರತಿ ಎತ್ತಬೇಕು ಅನಿಸತ್ತೆ. ಎಲ್ಲಿದ್ದೀರೋ ಏನೋ, ಇವತ್ತೂ ಇದ್ದೀರಿ. ಅಷ್ಟು ಸಾಕು.

ಕಪ್ಪು ಇಂಕು ಬೇಗ ಇಳೀತಿದೆ. ನಾನು ಹೊಡೆದದ್ದಕ್ಕಿಂತ ಜಾಸ್ತಿ. ಹೆಡ್ ತೊಳೆದುಕೊಳ್ಳೋಕೆ ಮಷಿನ್ ತಾನೇ ಕುಡಿಯತ್ತಂತೆ, ಇರಬಹುದು.

ಅತ್ತೆಗೆ ಎಲ್ಲ ಹೇಳಿದೆ. ಎಡೆ ಇಡಬೇಡಿ ಅಂದೆ. "ನಿನ್ ಮಿಷನ್ ಏನಾರ ಹೇಳ್ಕಳ್ಲಿ. ಹೆತ್ ಹೊಟ್ಟೆ ಬ್ಯಾರೆ ಹೇಳ್ತೈತೆ. ಕನಸ್ನಾಗೆ ಬಾಗ್ಲಾಗೆ ನಿಂತವ್ನೆ ಕಣಮ್ಮ. ಒಳಿಕ್ ಬಾ ಅಂದ್ರೆ ಬರಲ್ಲ. ಕೈಯಾಗೆ ಖಾಲಿ ತಟ್ಟೆ."

ಸೆಪ್ಟೆಂಬರ್ 20, ಶನಿವಾರ. ಅತ್ತೆ ಮನೆ

ಎಡೆ ತಪ್ಪಿಸಲೇಬೇಕು ಅಂತ ಬಂದೆ. ಬಿಳಿ ಪ್ರಿಂಟುಗಳೆಲ್ಲ ಬ್ಯಾಗಿನಲ್ಲಿ. ರೇಷ್ಮೆಹುಳ ಗೂಡು ಕಟ್ಟೋ ತಟ್ಟಿಗಳು ಗೋಡೆಗೆ ಒರಗಿವೆ, ಈ ಮನೆಯಲ್ಲಿ ಈಗ ಯಾರೂ ಹುಳ ಸಾಕಲ್ಲ.

ಅತ್ತೆ ಕಡ್ಡಿಯಾಗಿದ್ದಾರೆ. ರವಿಕೆ ಹೆಗಲಿಂದ ಜಾರುತ್ತದೆ. ಪಕ್ಕದ ಮನೆಯ ಕಾಟಮ್ಮ ಗುಟ್ಟಾಗಿ ಹೇಳಿದಳು, ಇತ್ತೀಚೆಗೆ ಬರೀ ಗಂಜಿ, ಅದೂ ಬೈದರೆ. ಕೇಳಿದೆ. "ಅವ್ನು ಹಸ್ಕಂಡ್ ತಿರುಗ್ತಾವ್ನೆ, ನಾನೆಂಗಮ್ಮ ಉಣ್ಲಿ?"

ಪ್ರಿಂಟುಗಳನ್ನು ಚಾಪೆ ಮೇಲೆ ಹರಡಿದೆ. ನೋಡಿ ಅತ್ತೆ, ಬದುಕಿದ್ದಾರೆ, ಅದಕ್ಕೇ ಬಂದಿಲ್ಲ. ಅತ್ತೆ ಒಂದೊಂದನ್ನೂ ಎತ್ತಿ, ಮುಖ ಇರಬೇಕಾದ ಜಾಗ ಸವರಿದರು.

"ಮುಖನೇ ಇಲ್ವಲ್ಲಮ್ಮ. ಇದ್ದೋರ್ಗೆ ಮುಖ ಇರ್ತೈತೆ."

ನಾಳೆ ಎಡೆ ಇಟ್ಟರೆ ಈ ಮುದುಕಿ ಉಣ್ಣುತ್ತಾಳೆ. ಇಡದಿದ್ದರೆ ಇವಳೂ ಉಳಿಯಲ್ಲ. ಇವರು ತಿರುಗಿ ಬಂದು 'ಅವ್ವ ಎಲ್ಲಿ' ಅಂದರೆ ಏನು ಹೇಳಲಿ?

ಇಡಿ ಅತ್ತೆ, ಅಂದೆ. ಅಂದುಬಿಟ್ಟೆ.

ಸೆಪ್ಟೆಂಬರ್ 21, ಅಮಾವಾಸ್ಯೆ. ಸಂಜೆ

ಎರಡು ಎಲೆ. ಮಾವನಿಗೆ ಬೀಡಿ, ವಡೆ. ಇವರಿಗೆ ಮುದ್ದೆ, ಹುರುಳಿ ಸಾರು, ಇಸ್ತ್ರಿ ಮಾಡಿದ ಶರ್ಟು. ಮಾವನ ಫೋಟೋ ಪಕ್ಕ ನನ್ನ ಬಿಳಿ ಪ್ರಿಂಟು. ಬೇಡ ಅನ್ನಬೇಕಿತ್ತು.

ಅತ್ತೆ ಮಾವನ ಹಣೆಗೆ ಕುಂಕುಮ ಇಟ್ಟರು. ಇವರ ಸರದಿ ಬಂದಾಗ ಭರಣಿಯಲ್ಲಿ ಕುಂಕುಮ ಮುಗಿದಿತ್ತು. ಹೊತ್ತು ಮೀರುತ್ತೆ ಅನ್ನೋ ಗಡಿಬಿಡಿ. ತಿರುಗಿ, ನನ್ನ ಹಣೆಯದನ್ನೇ ಬೆರಳಲ್ಲಿ ತೆಗೆದು ಆ ಬಿಳಿಯ ನಡುವೆ ಇಟ್ಟರು. ಕಣ್ಣು ಮಿಟುಕಿಸೋದರೊಳಗೆ. ತಾನೇನು ಮಾಡಿದೆ ಅಂತ ಅವರಿಗೆ ಗೊತ್ತೇ ಆಗಲಿಲ್ಲ. ನನಗೆ ಗೊತ್ತಾಯಿತು. ಕೈ ಹಿಡಿಯಬಹುದಿತ್ತು. ಹಿಡಿಯಲಿಲ್ಲ. ಯಾಕೆ ಹಿಡಿಯಲಿಲ್ಲ?

ಹಿರಿಯರು ಬಂದು ಉಣ್ಣಲಿ ಅಂತ ಬಾಗಿಲು ಮುಚ್ಚಿ ಜಗಲಿಯಲ್ಲಿ ಕೂತೆವು. ಊರಿಗೆ ಊರೇ ಹಾಗೆ ಮುಚ್ಚಿದ ಬಾಗಿಲಿನ ಹೊರಗೆ ಕೂತಿತ್ತು. ನಾಯಿ ಕೂಡ ಬೊಗಳಲಿಲ್ಲ. ಒಳಗೆ ಒಮ್ಮೆ ಲೋಟ ಸರಿದ ಸದ್ದು.

ಅತ್ತೆ ಕೆಮ್ಮಿ ಬಾಗಿಲು ತೆಗೆದರು. ಮಾವನ ಎಲೆ ಇಟ್ಟ ಹಾಗೇ ಇತ್ತು. ಇವರ ಎಲೆಯಲ್ಲಿ ಮುದ್ದೆಯ ನಡುವೆ ಗುಳಿ. ಗುಳಿಯಲ್ಲಿ ಸಾರು ನಿಂತಿತ್ತು. ಎಲ್ಲರೂ ಮುದ್ದೆ ಅಂಚಿಂದ ಮುರಿಯುತ್ತಾರೆ. ನಡುವೆ ಹೆಬ್ಬೆರಳು ಒತ್ತಿ ಬಾವಿ ಮಾಡಿ ಸಾರು ಹುಯ್ದುಕೊಳ್ಳೋದು ಇವರೊಬ್ಬರೇ.

ಇಲಿ, ಅಂದೆ.

"ಉಂಡ ಕಣಮ್ಮ. ನನ್ ಮಗ ಉಂಡ." ಅತ್ತೆ ಅಲ್ಲೇ ಕೂತು ಹೊಟ್ಟೆ ತುಂಬ ಉಂಡರು. ಎರಡನೇ ಸಲ ಬಡಿಸಿಕೊಂಡರು.

ಸೆಪ್ಟೆಂಬರ್ 22, ಸೋಮವಾರ. ರಾಯದುರ್ಗ

ಮೊದಲ ಬಸ್ಸಿಗೆ ಬಂದೆ. ಚಪ್ಪಲಿ ಬಿಡದೆ ಪ್ರಿಂಟರ್ ಆನ್ ಮಾಡಿದೆ. ಇವರ ಫೋಟೋ, ದೀಪದ ಫ್ರೇಮು.

ಬಂತು.

ಪೂರ್ತಿ ಬಂತು. ಹುಬ್ಬಿನ ಗುರುತು. ಕಣ್ಣು ನನ್ನನ್ನೇ ನೋಡ್ತಿದೆ.

ಅದೇ ದಿನ, ಮಧ್ಯಾಹ್ನ

ಮಾರೇಶನಿಗೆ ಫೋನ್ ಮಾಡಿದೆ. ಮೊದಲು ಎತ್ತಲಿಲ್ಲ. ಆಮೇಲೆ, "ಎರಡು ದಿನ ಬಂದ್ ಇತ್ತಲ್ರಿ, ಏನರ ಅಡ್ಡ ಇದ್ದದ್ದು ತಾನ ಸರಿ ಆಗಿರತೈತ್ರಿ. ಮಷಿನ್ ಐತ್ರಿ ಮೇಡಂ. ಬರೇ ಮಷಿನ್." ಅವನ ದನಿ ತಗ್ಗಿತ್ತು.

ಸರಿಯಾಗಿದ್ದರೆ ನನ್ನದೂ ಬರಬೇಕು. ನೋಡೋಕೆ ಅದೊಂದೇ ದಾರಿ. ನನ್ನ ಮುಖ ಬಂದರೆ ಬರೀ ಮಷಿನ್, ಇಷ್ಟು ದಿನ ಕೆಟ್ಟಿತ್ತು, ಈಗ ಸರಿಹೋಯಿತು. ಇವರಿಗೇನೂ ಆಗಿಲ್ಲ. ಬರದಿದ್ದರೆ... ಬರೆಯಲಾರೆ.

ಸತ್ತವರ ಫ್ರೇಮಿನಲ್ಲಿ ನನ್ನ ಮುಖ ಬರಲಿ ಅಂತ ಯಾರಾದರೂ ಹರಕೆ ಹೊತ್ತಿದ್ದಾರಾ? ನಾನು ಹೊತ್ತೆ.

ಇಂಕು ನೋಡಿದೆ. ಕಪ್ಪು ತುಂಬಿಸಿದ್ದೀನಿ. ಕೆಂಪು ಕತ್ತಿನ ತನಕ ಇದೆ. ಅದೇ ಐಡಿ ಕಾರ್ಡಿನ ಫೋಟೋ. ಹೈ ಕ್ವಾಲಿಟಿ, ನಿಧಾನಕ್ಕೆ ಬರಲಿ.

ಪ್ರಿಂಟ್ ಒತ್ತಿದೆ. ಕಾಗದ ಎಳೆದುಕೊಂಡಿತು. ಬರೆಯುತ್ತಲೇ ನೋಡ್ತಿದ್ದೀನಿ, ಒಂದೊಂದೇ ಗೆರೆಯಾಗಿ ಬರ್ತಿದೆ.

ದೀಪ. ಎರಡೂ.

ಹೂವು. ಕೂದಲು. ಬೈತಲೆ.

ಹಣೆ — ಬಿಳಿ ಅಲ್ಲ! ನನ್ನ ಮೈಬಣ್ಣ! ಬರ್ತಿದೆ, ನನ್ನ ಹಣೆ ಬರ್ತಿದೆ! ನಕ್ಕುಬಿಟ್ಟೆ ಜೋರಾಗಿ, ಪಕ್ಕದ ಮನೆಗೆ ಕೇಳಿಸಿರಬೇಕು. ಬರೀ ಮಷಿನ್. ಹುಚ್ಚಿ ನಾನು. ಇಲಿಯೇ ಅದು. ಅತ್ತೆ ಉಂಡರಲ್ಲ, ಅಷ್ಟೇ ಲಾಭ. ಸಂಜೆ ಹೊಸ ಪೋಸ್ಟರ್ ತಗೊಂಡು ಗುಮ್ಮಘಟ್ಟದ ಕಡೆ ಹೋಗಿಬರ್ತೀನಿ, ಅಲ್ಲಿ ಇನ್ನೂ ಅಂಟಿಸಿಲ್ಲ.

ಹುಬ್ಬು ಬಂತು. ಎರಡೂ ಬಂತು.

ಇರು. ಹುಬ್ಬಿನ ನಡುವೆ... ಸ್ಕ್ರೀನಿನಲ್ಲಿ ಇದೆ, ಈಗಲೂ ನೋಡಿದೆ, ಕಾಸಿನಗಲ, ಕೆಂಪಗೆ. ಕಾಗದದಲ್ಲಿ ಬರೀ ಹಣೆ. ಬಿಳಿ ಕೂಡ ಅಲ್ಲ. ಮೈಬಣ್ಣ, ನುಣ್ಣಗೆ, ಒರೆಸಿದ ಹಾಗೆ, ಅಲ್ಲಿ ಯಾವತ್ತೂ ಕುಂಕುಮ